ಅನುವನ್ನು ಯುವ ದಸರಾಕ್ಕೆ ಕಳಿಸು, ಆದರೆ ಮಳೆ ಬಂದರೆ ಓಡಬಾರದು ಅಂತ ಹೇಳು

ಸೌಮ್ಯಾ, ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ನೋಡಿದೆ. ಈ ಸಣ್ಣ ಅಕ್ಷರ ಒತ್ತಿ ಒತ್ತಿ ಬರೆಯೋದು ನನ್ನ ಕೈಲಿ ಆಗದ ಕೆಲಸ, ಅದಕ್ಕೆ ಮಾತಲ್ಲೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ. ಫೋನ್ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಕೊಂಡು ಕೇಳು.

ನೀನು ಕೇಳಿದ್ದು ಇಷ್ಟು ತಾನೆ? ಅನು ಹಾಸ್ಟೆಲ್ ಹುಡುಗಿಯರ ಜೊತೆ ರಾತ್ರಿ ಮೈಸೂರಿನ ಹತ್ತಿರದ ಉತ್ತನಹಳ್ಳಿಗೆ ಯುವ ದಸರಾ, ಅದೇ ದಸರಾ ಹಬ್ಬದ ಹಾಡಿನ ಕಾರ್ಯಕ್ರಮ, ನೋಡೋಕೆ ಹೋಗುತ್ತಾಳಂತೆ, ನಿನಗೆ ಭಯ, ಕಳಿಸಲೋ ಬೇಡವೋ ಅಂತ. ಅದರ ಕೆಳಗೆ ನಿಮ್ಮ ಯಜಮಾನರು ಬರೆದದ್ದನ್ನೂ ನೋಡಿದೆ. ಎಲ್ಲ ಯೂಟ್ಯೂಬಲ್ಲಿ ಬರುತ್ತೆ, ಅಲ್ಲಿಗೆ ಹೋಗಿ ಧೂಳು ಕುಡಿಯೋದು ಯಾಕೆ ಅಂತ. ಅಳಿಯಂದಿರು ಬೇಸರ ಮಾಡಿಕೊಳ್ಳಬಾರದು, ಅದು ಹಾಡಿನ ಹುಚ್ಚು ಇಲ್ಲದವರ ಮಾತು. ನಮ್ಮ ಮನೆಯವರ ರಕ್ತದಲ್ಲೇ ಇದೆ ಆ ಹುಚ್ಚು. ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿಕೊಂಡು ಬಂದು, ನಿದ್ದೆ ಬಿಟ್ಟು, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಹೋಗುತ್ತಿದ್ದವರು. ಅದು ನಿಮಗೆಲ್ಲ ಗೊತ್ತಿರೋದೇ.

ಕಳಿಸಬೇಡ ಅಂತ ನಾನು ಹೇಳಲ್ಲ. ಆದರೆ ಮಂಡ್ಯದ ಆ ಗಣೇಶನ ಹಬ್ಬದ ರಾತ್ರಿ ಏನಾಯಿತು ಅಂತ ಅನುಗೆ ಯಾರೂ ಹೇಳಿಲ್ಲ ಅನಿಸುತ್ತೆ. ನಿಮ್ಮಮ್ಮ ಹೇಳಿರಲ್ಲ. ಅವಳು ಆವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

ನಾನಾಗ ಬಿ.ಇಡಿ. ಓದುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ಶಾಲೆಯ ಮೈದಾನದಲ್ಲಿ ರಸಮಂಜರಿ, ಮೈಸೂರಿನಿಂದ ತಂಡ ಬಂದಿತ್ತು. ಕಾಂಗೋ, ತಬಲಾ, ಅಕಾರ್ಡಿಯನ್, ಜೊತೆಗೆ ಪಿ.ಬಿ. ಶ್ರೀನಿವಾಸ್ ದನಿಯನ್ನು ಹಾಗೇ ತೆಗೆಯುವ ಒಬ್ಬ ಸಣಕಲು ಮನುಷ್ಯ. ಕಣ್ಣು ಮುಚ್ಚಿಕೊಂಡು ಕೇಳಿದರೆ ರೇಡಿಯೋನೇ. ಜನ ಚೀಟಿಯಲ್ಲಿ ಹಾಡಿನ ಹೆಸರು ಬರೆದು ಸ್ಟೇಜಿಗೆ ಕಳಿಸುತ್ತಿದ್ದರು. ನಾನೂ ಒಂದು ಚೀಟಿ ಕಳಿಸಿದ್ದೆ. ನನ್ನ ಹಾಡು ಬರಲೇ ಇಲ್ಲ, ಅಷ್ಟರಲ್ಲಿ ಮಳೆ ಬಂತು.

ಮಳೆ ಅಂದರೆ ಹನಿಹನಿ ಅಲ್ಲ, ಒಂದೇ ಸಲಕ್ಕೆ ಹೊಡೀತು. ಕರೆಂಟ್ ಹೋಯಿತು. ಮೈದಾನಕ್ಕೆ ಎರಡು ಗೇಟು ಇದ್ದವು. ಪಾಸಿಲ್ಲದವರು ನುಗ್ಗಬಾರದು ಅಂತ ಹಿಂದಿನ ಗೇಟಿಗೆ ಕಾರ್ಯಕ್ರಮ ಇಟ್ಟಿದ್ದ ಗಣಪತಿ ಸಂಘದವರು ಬೀಗ ಹಾಕಿದ್ದರು. ಎಲ್ಲರೂ ಶಾಲೆಯ ಜಗುಲಿ ಕಡೆ ಓಡಿದರು, ಅದರ ಪಕ್ಕದಲ್ಲೇ ಇನ್ನೊಂದು ಗೇಟು. ನನ್ನ ಕೈಯಲ್ಲಿ ನಿಮ್ಮ ಮಂಜು ಮಾವ ಇದ್ದ, ಇನ್ನೂ ಚಿಕ್ಕ ಹುಡುಗ, ಹೊಸ ಚಡ್ಡಿ ಹಾಕಿಕೊಂಡು ಬಂದಿದ್ದ. ಹೆಂಗಸರ ಕಡೆಗೆ ಅಂತ ಬೊಂಬು ಕಟ್ಟಿ ಅಡ್ಡ ಮಾಡಿದ್ದರಲ್ಲ, ಆ ಬೊಂಬು ನನ್ನ ಎದೆಗೆ ಬಂದು ಒತ್ತಿತು. ಹಿಂದಿನಿಂದ ಜನ. ಗಾಣಕ್ಕೆ ಕೊಟ್ಟ ಕಬ್ಬಿನ ಹಾಗೆ ಆದೆ. ಕಿರುಚೋಣ ಅಂದರೆ ಉಸಿರೇ ಬರುತ್ತಿಲ್ಲ. ಕಾಲು ನೆಲ ಬಿಟ್ಟಿತ್ತು ಅಂದರೆ ನೀನು ನಂಬುತ್ತೀಯಾ? ನಾನು ನಡೆಯುತ್ತಿರಲಿಲ್ಲ, ಜನವೇ ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದರು. ನಾರಿನ ಹಗ್ಗ ನೆನೆದು ಬಿಗಿಯಾಗಿತ್ತು. ಬೊಂಬು ಮುರಿಯಲೂ ಇಲ್ಲ, ಬಿಚ್ಚಲೂ ಇಲ್ಲ.

ಬದುಕಿಸಿದ್ದು ಒಬ್ಬ ಕಡಲೆಕಾಯಿ ಮಾರುವವನು. ಅವನ ತಳ್ಳುಗಾಡಿ ಬೊಂಬಿನ ಆಚೆ ಕಡೆ ಇತ್ತು, ಗಾಡಿಗೆ ಗ್ಯಾಸ್ ಲೈಟು. ಮಂಜುವಿನ ಕಾಲರ್ ಹಿಡಿದು ಬೊಂಬಿನ ಸಂದಿಯಿಂದ ಎಳೆದು ಗಾಡಿ ಕೆಳಗೆ ತಳ್ಳಿದ. ನನಗೆ, "ಅವ್ವಾ, ಮುಂದಕ್ಕೆ ಹೋಗಬ್ಯಾಡ, ಪಕ್ಕಕ್ಕೆ ಬಾ, ಪಕ್ಕಕ್ಕೆ" ಅಂತ ಕೂಗಿದ. ಜನ ಒಂದು ಸಲ ನೂಕಿ ಸ್ವಲ್ಪ ಸಡಿಲ ಆಗುತ್ತಾರಲ್ಲ, ಆ ಗಳಿಗೆಯಲ್ಲಿ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಇಟ್ಟೆ. ಹಾಗೇ ಕೊನೆಯ ಕಂಬದ ತನಕ ಬಂದು ಅದರ ಹಿಂದೆ ನಿಂತೆ. ಒಂದು ಚಪ್ಪಲಿ ಹೋಯಿತು, ಸೆರಗು ಹರಿಯಿತು, ಜೀವ ಉಳಿಯಿತು. ನಮ್ಮ ಬೀದಿಯ ಹುಡುಗಿ ಒಬ್ಬಳ ಕಾಲು ಮುರಿಯಿತು. ಮಾರನೇ ದಿನ ಸಂಘದವರು ಮೈಕಲ್ಲಿ ಏನು ಹೇಳಿದರು ಗೊತ್ತಾ? ಸಾರ್ವಜನಿಕರು ಕುರ್ಚಿ ಮುರಿದಿದ್ದಾರೆ ಅಂತ!

ಅದಕ್ಕೇ ಹೇಳೋದು. ಮಳೆ ಬರಲಿ, ಕರೆಂಟ್ ಹೋಗಲಿ, ಯಾರೋ ಹೀರೋ ಬಂದ ಅಂತ ಕೂಗಲಿ, ಜನ ಓಡಿದ ಕಡೆ ಓಡಬಾರದು. ನೆನೆದರೆ ನೆನೆಯಲಿ. ಪಕ್ಕಕ್ಕೆ ಸರಿಯಬೇಕು.

ಇದು ಹಳೇ ಕಾಲದ ಕಥೆ ಅಂತ ಅನು ನಗುತ್ತಾಳೆ. ನಗಲಿ. 2023ರ ನವೆಂಬರ್ 25ಕ್ಕೆ ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಆದದ್ದು ಏನು? ನಿಖಿತಾ ಗಾಂಧಿ ಹಾಡಬೇಕಿತ್ತು, ಬಯಲು ರಂಗಮಂದಿರ. ಹೊರಗೆ ನಿಂತಿದ್ದವರು ಮಳೆ ಬಂತು ಅಂತ ಒಳಗೆ ನುಗ್ಗಿದರು. ಗೇಟು ದಾಟಿದ ತಕ್ಷಣ ಕೆಳಗೆ ಇಳಿಯೋ ಮೆಟ್ಟಿಲು. ಮುಂದಿದ್ದವರು ಬಿದ್ದರು, ಅವರ ಮೇಲೆ ಹಿಂದಿದ್ದವರು. ನಾಲ್ಕು ಜನ ಹೋದರು, ಅದರಲ್ಲಿ ಮೂವರು ಓದುವ ಮಕ್ಕಳು. ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಅದೇ ಮಳೆ, ಅದೇ ಓಟ. ಇನ್ನು 2025ರ ಜೂನ್ 4ಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಹನ್ನೊಂದು ಜನ ಹೋದದ್ದು ನಿನಗೆ ಗೊತ್ತೇ ಇದೆ, ನಿನ್ನ ಭಯ ಅಲ್ಲಿಂದಲೇ ಬಂದಿರೋದು. ಅದು ಹಾಡಲ್ಲ, ಕ್ರಿಕೆಟ್ಟು. ಆದರೆ ಗೇಟಿಗೆ ಹಾಡೂ ಒಂದೇ ಕ್ರಿಕೆಟ್ಟೂ ಒಂದೇ. ಕಾಲ್ತುಳಿತ ಅಂತ ಪೇಪರಿನಲ್ಲಿ ಬರೆಯುತ್ತಾರೆ. ಎಷ್ಟೋ ಜನ ಬಿದ್ದೂ ಇರಲ್ಲ, ತುಳಿಸಿಕೊಂಡೂ ಇರಲ್ಲ. ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟುತ್ತೆ. ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಅನುಗೆ ಈ ಮೆಸೇಜನ್ನೇ ಕಳಿಸು. ಓಡಬಾರದು ಮಗಳೇ. ಜನ ಓಡಿದ ಕಡೆ ಓಡಲೇಬಾರದು. ಕೈ ಎರಡೂ ಎದೆಯ ಮುಂದೆ ಮಡಿಸಿ ಹಿಡಿ, ಉಸಿರಾಡೋಕೆ ಅಷ್ಟು ಜಾಗ ಬೇಕು. ಫೋನ್ ಬಿದ್ದರೆ ಬಗ್ಗಬೇಡ, ಹೋದರೆ ಹೋಗಲಿ, ನಿಮ್ಮಪ್ಪ ಇನ್ನೊಂದು ಕೊಡಿಸುತ್ತಾರೆ. ಪಕ್ಕಕ್ಕೆ, ಪಕ್ಕಕ್ಕೆ ಬಾ.

ಈಗ ಯೂಟ್ಯೂಬಿನ ವಿಷಯ. ನಾನೇನು ಯೂಟ್ಯೂಬ್ ನೋಡಲ್ವಾ? ದಿನಾ ಮಧ್ಯಾಹ್ನ ನೋಡುತ್ತೇನೆ. ಜಾನಕಿ ಅಮ್ಮ ಯಾವುದೋ ಹಳೇ ವೇದಿಕೆಯಲ್ಲಿ ಒಂಚೂರೂ ಅಲ್ಲಾಡದೆ ನಿಂತು ಹಾಡೋದು, ಎಸ್‌ಪಿಬಿ ಈಟಿವಿಯಲ್ಲಿ ಮಕ್ಕಳ ಹಾಡು ಕೇಳಿ, ತಪ್ಪು ತಿದ್ದಿ, ಮಧ್ಯೆ ಹಳೇ ರೆಕಾರ್ಡಿಂಗ್ ಕಥೆ ಹೇಳೋದು, ಇವೆಲ್ಲ ಸಿಗೋದು ಅಲ್ಲೇ. 2020ರ ಸೆಪ್ಟೆಂಬರಲ್ಲಿ ಅವರು ಹೋದಾಗ ವಾರಗಟ್ಟಲೆ ಅದನ್ನೇ ಹಾಕಿಕೊಂಡು ಕೂತಿದ್ದೆ. ಆದರೆ ಚರಣಕ್ಕೆ ಹೋಗೋ ಹೊತ್ತಿಗೆ ಸರಿಯಾಗಿ ಸಿಮೆಂಟಿನ ಜಾಹೀರಾತು ಬರುತ್ತೆ. ಇನ್ನು ಆ ರೀಲ್ಸ್ ಬಂದಮೇಲೆ ಹುಡುಗರಿಗೆ ಹಾಡಿನ ಅರ್ಧ ಸಾಲು ಮಾತ್ರ ಗೊತ್ತು. ಮುಂದಿನ ಸಾಲು ಹೇಳು ಅಂದರೆ ಮುಖ ನೋಡುತ್ತಾರೆ.

ಎದುರಿಗೆ ಕೇಳೋದೇ ಬೇರೆ. 2005ರಲ್ಲಿ ನಿಮ್ಮ ದೊಡ್ಡಪ್ಪ ನನ್ನನ್ನು ಬೆಂಗಳೂರು ಅರಮನೆ ಮೈದಾನಕ್ಕೆ ಕರಕೊಂಡು ಹೋಗಿದ್ದರು, ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ. ಲಕ್ಷ ಜನ ಅಂತ ಆಮೇಲೆ ಹೇಳಿದರು. ಭಾವಗೀತೆಗೆ ಲಕ್ಷ ಜನ! ಸಿನಿಮಾ ಸ್ಟಾರ್ ನೋಡೋಕಲ್ಲ, ನಮ್ಮ ಕವಿಗಳ ಹಾಡು ಕೇಳೋಕೆ. ಅಶ್ವಥ್ ಮೇಲಿನ ಸ್ಥಾಯಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಪೊಲೀಸಪ್ಪನೂ ತುಟಿ ಅಲ್ಲಾಡಿಸುತ್ತಿದ್ದ. ಅದನ್ನು ಯೂಟ್ಯೂಬಲ್ಲಿ ಹುಡುಕು ನೋಡೋಣ. ಅಶ್ವಥ್ ಸಿಗುತ್ತಾರೆ, ಪೊಲೀಸಪ್ಪ ಸಿಗಲ್ಲ.

ಈ ಮಾತು ಬಂದಮೇಲೆ ಹೇಳಿಬಿಡುತ್ತೇನೆ, ಗ್ರೂಪಿನಲ್ಲೇ ಹೇಳುತ್ತೇನೆ. 2024ರ ದಸರಾದಲ್ಲಿ ಇದೇ ಉತ್ತನಹಳ್ಳಿಗೆ ಇಳಯರಾಜ ಬಂದಿದ್ದರು. ಮಹಾರಾಜ ಕಾಲೇಜು ಮೈದಾನದಿಂದ ಯುವ ದಸರಾವನ್ನು ಅಲ್ಲಿಗೆ ಕೊಂಡು ಹೋಗಿದ್ದ ವರ್ಷ. ಶ್ರೇಯಾ ಘೋಷಾಲ್ ಬಂದರು, ರವಿ ಬಸ್ರೂರು ಬಂದರು, ರೆಹಮಾನ್ ಬಂದರು. ಅವರೆಲ್ಲ ಬರಲಿ, ಸಂತೋಷ. ಆದರೆ ಇಳಯರಾಜ! ಎಂಬತ್ತರ ದಶಕದಲ್ಲಿ ಶಂಕರನಾಗ್ ಸಿನಿಮಾಕ್ಕೆ ಅವರು ಮಾಡಿದ ಹಾಡುಗಳನ್ನು ಇವತ್ತಿಗೂ ನಾನು ಪಾತ್ರೆ ತೊಳೆಯುವಾಗ ಹಾಡುತ್ತೇನೆ, ಇದು ಮಂಜುಗೆ ಗೊತ್ತು. ಕುವೆಂಪುನಗರದಲ್ಲಿ ಅವನ ಮನೆ, ಅವನ ಕೈಯಲ್ಲಿ ಪಾಸು. ಯಾರನ್ನು ಕರಕೊಂಡು ಹೋದ? ಆಫೀಸಿನವರನ್ನು! ಅಕ್ಕನಿಗೆ ಮಂಡಿ ನೋವು, ಅಷ್ಟು ಹೊತ್ತು ಕೂರೋಕಾಗಲ್ಲ ಅಂತ ಅವನೇ ತೀರ್ಮಾನ ಮಾಡಿಬಿಟ್ಟ. ನನ್ನ ಮಂಡಿಯನ್ನು ಕೇಳಿದನಾ? ಆಮೇಲೆ ರಾತ್ರಿ ವಿಡಿಯೋ ಕಳಿಸಿದ. ಅದರಲ್ಲಿ ಇಳಯರಾಜ ಅವರ ಹಾಡು ಕಾಲುಭಾಗ, ಇವನ ಕಿರುಚಾಟ ಮುಕ್ಕಾಲು. ಪರದೆಯಲ್ಲಿ ಯಾರದ್ದೋ ತಲೆ. ಗಾಡಿ ಕೆಳಗೆ ನೂಕಿಸಿ ಜೀವ ಉಳಿಸಿದ ಅಕ್ಕನಿಗೆ ಒಂದು ಪಾಸ್ ಇಲ್ಲ. ಇರಲಿ ಬಿಡು. ನಾನೇನು ಮನಸ್ಸಲ್ಲಿ ಇಟ್ಟುಕೊಂಡಿಲ್ಲ.

ಈಗಿನವರು ಹಾಡು ಕೇಳೋದಕ್ಕಿಂತ ಫೋನ್ ಎತ್ತಿ ಹಿಡಿಯೋದೇ ಜಾಸ್ತಿ. ಹಿಂದಿನವರಿಗೆ ಸ್ಟೇಜು ಕಾಣಲ್ಲ, ಕಾಣೋದು ನೂರು ಸಣ್ಣ ಪರದೆ. ತೆಗೆದ ವಿಡಿಯೋ ಆಮೇಲೆ ಯಾರಾದರೂ ನೋಡುತ್ತಾರಾ? ಮಾರನೇ ದಿನ ಯಾರೋ ಚೆನ್ನಾಗಿರೋ ಕ್ಯಾಮೆರಾದಲ್ಲಿ ತೆಗೆದದ್ದು ಬಂದಿರುತ್ತೆ, ಅದನ್ನೇ ನೋಡಬಹುದಲ್ವಾ? ಅನುಗೆ ಹೇಳು, ಒಂದು ಹಾಡು ತೆಗೆಯಲಿ ಸಾಕು. ಉಳಿದದ್ದು ಕಣ್ಣಲ್ಲಿ ನೋಡಲಿ. ಬ್ಯಾಟರಿಯೂ ಉಳಿಯುತ್ತೆ.

ಹಾಂ, ಬ್ಯಾಟರಿ ಅಂದ ತಕ್ಷಣ ನೆನಪಾಯಿತು ನೋಡು. ಅಷ್ಟು ಜನ ಸೇರಿದ ಕಡೆ ಫೋನೇ ಹೋಗಲ್ಲ. ಟವರ್ ಇದ್ದರೂ ಎಲ್ಲರೂ ಒಟ್ಟಿಗೆ ವಿಡಿಯೋ ಕಳಿಸುತ್ತಿರುತ್ತಾರೆ. ನೀನು ಹಾಸನದಲ್ಲಿ ಕೂತು ಹತ್ತು ಸಲ ಫೋನ್ ಮಾಡಿ, ಅವಳು ಎತ್ತಲಿಲ್ಲ ಅಂತ ಬಿ.ಪಿ. ಏರಿಸಿಕೊಳ್ಳಬೇಡ. ಪಾಸು ಫೋನಲ್ಲಿ ಬಂದಿದ್ದರೆ ಹಾಸ್ಟೆಲಲ್ಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಲಿ. ಮಂಜು ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಲಿ. ಒಳಗೆ ಹೋದ ತಕ್ಷಣ ಹುಡುಗಿಯರು ಹೊರಗೆ ಹೋಗುವ ದಾರಿ ಎಲ್ಲೆಲ್ಲಿದೆ ನೋಡಿಕೊಳ್ಳಲಿ, ಬಂದ ಗೇಟೇ ಆಗಬೇಕು ಅಂತಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಸೇರೋದು ಅಂತ ಮೊದಲೇ ಮಾತಾಡಿಕೊಳ್ಳಲಿ. ಗೇಟಿನ ಹತ್ತಿರ ಅಂತ ಇಟ್ಟುಕೊಳ್ಳಬಾರದು, ಎಲ್ಲರೂ ಅಲ್ಲೇ ಇರುತ್ತಾರೆ. ಸ್ಟೇಜಿನ ಮುಂದೆ ಆ ಕಬ್ಬಿಣದ ಬ್ಯಾರಿಕೇಡಿಗೆ ಒರಗಿ ನಿಲ್ಲೋದು ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಸೌಂಡ್ ಬಾಕ್ಸಿನ ಎದುರಿಗೂ ಬೇಡ. ಇಂಥ ಕಡೆ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ 2022ರಲ್ಲಿ ಹೇಳಿದ್ದಾರೆ, ಸೌಂಡ್ ಬಾಕ್ಸ್ ಇಡೋ ಹುಡುಗರಿಗೆ ಅದನ್ನು ಯಾರು ಓದಿ ಹೇಳುತ್ತಾರೆ? ಹತ್ತಿಯಿಂದ ಏನೂ ಆಗಲ್ಲ, ಔಷಧಿ ಅಂಗಡಿಯಲ್ಲಿ ಕಿವಿಗೆ ಇಡೋ ಸ್ಪಂಜಿನ ಬಿರಡೆ ಸಿಗುತ್ತೆ, ಅದು ತಗೊಳ್ಳಲಿ. ಹೀಲ್ಸ್ ಬೇಡ, ಹಿಂದೆ ಪಟ್ಟಿ ಇರೋ ಚಪ್ಪಲಿ ಅಥವಾ ಶೂ.

ಮುಖ್ಯವಾದದ್ದು ಇದು, ಇದನ್ನು ಮೊದಲೇ ಹೇಳಬೇಕಿತ್ತು. ಹಾಸ್ಟೆಲ್ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಕೇಳಿದೆಯಾ? ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಅಂತ ಕಾನೂನೇನೋ ಇದೆ, ಹಬ್ಬದ ದಿನಗಳಿಗೆ ಮಧ್ಯರಾತ್ರಿ ತನಕ ಸಡಿಲಿಕೆ ಕೊಡೋಕೂ ಸರ್ಕಾರಕ್ಕೆ ಅವಕಾಶ ಇದೆ. ಮುಗಿದ ತಕ್ಷಣ ಎಲ್ಲರೂ ಒಂದೇ ರಸ್ತೆಗೆ ಬೀಳುತ್ತಾರೆ. ಆ ಹೊತ್ತಲ್ಲಿ ಆಟೋದವನು ಕೇಳಿದ್ದೇ ರೇಟು. ಆಮೇಲೆ ಹಾಸ್ಟೆಲಿಗೆ ಹೋದರೆ ಬಾಗಿಲು ಹಾಕಿರುತ್ತೆ, ವಾರ್ಡನ್ ನಿನಗೆ ಫೋನ್ ಮಾಡುತ್ತಾರೆ. ಅದಕ್ಕೆ ಆ ರಾತ್ರಿ ಹಾಸ್ಟೆಲಿಗೆ ಹೋಗೋದೇ ಬೇಡ. ಮೊದಲೇ ಲೆಟರ್ ಬರೆದುಕೊಟ್ಟು ಮಂಜು ಮನೆಯಲ್ಲಿ ಉಳಿದುಕೊಳ್ಳಲಿ. ಜೊತೆಯ ಹುಡುಗಿಯರೂ ಬರಲಿ, ಅವರ ಮನೆಯವರಿಗೂ ನೀನೇ ಫೋನ್ ಮಾಡಿ ಹೇಳು. ಕೊನೆಯ ಹಾಡು ಶುರುವಾದಾಗಲೇ ಎದ್ದು ಬರಲಿ. ಅದಾಗದಿದ್ದರೆ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಜನ ಕರಗಿದ ಮೇಲೆ ಏಳಲಿ. ಮಧ್ಯದಲ್ಲಿ ಮಾತ್ರ ಬೇಡ.

ಸಂಜೆ ಬೇಗ ಹೋದರೆ ಅಲ್ಲೇ ಜ್ವಾಲಾಮುಖಿ ತ್ರಿಪುರಸುಂದರಿ ದೇವಸ್ಥಾನ ಇದೆ, ಚಾಮುಂಡಮ್ಮನ ತಂಗಿ ಅನ್ನುತ್ತಾರೆ. ಒಂದು ಕೈ ಮುಗಿದು ಹೋಗಲಿ.

ಮಂಜು, ಈ ಮೆಸೇಜ್ ಕೇಳಿದೆ ತಾನೆ? ನೀಲಿ ಗುರುತು ಬಂದಿದೆ, ಕೇಳಿಲ್ಲ ಅನ್ನಬೇಡ. ಕಾರನ್ನು ಮೈದಾನದ ಹತ್ತಿರ ತರಬೇಡ, ಸಿಕ್ಕಿಹಾಕಿಕೊಳ್ಳುತ್ತೀಯ. ರಿಂಗ್ ರಸ್ತೆಯಲ್ಲೇ ಎಲ್ಲಾದರೂ ಲೈಟಿರೋ ಜಾಗದಲ್ಲಿ ನಿಲ್ಲಿಸಿ, ಜಾಗ ಯಾವುದು ಅಂತ ಮಧ್ಯಾಹ್ನವೇ ಅನುಗೆ ಹೇಳು. ಲತಾಗೆ ನಾಲ್ಕು ಹುಡುಗಿಯರು ಬರುತ್ತಾರೆ ಅಂತ ಇವತ್ತೇ ತಿಳಿಸು, ದೋಸೆ ಹಿಟ್ಟು ಜಾಸ್ತಿ ರುಬ್ಬಲಿ.