ತಮ್ಮಾ, ಮೊದಲು ಕೊಯ್ಯೋ ಮಿಷನ್ ನೋಡು, ಕಟ್ಟೋದು ಆಮ್ಯಾಲೆ

ತಮ್ಮಾ, ನಿನ್ನ ಮೆಸೇಜ್ ಮುಂಜಾನೇನ ನೋಡಿದ್ದೆ. ಡೇರಿಗೆ ಹಾಲು ಹಾಕಿ ಬಂದು ಈಗ ಕುಂತು ಹೇಳಾಕತ್ತೀನಿ. ಸ್ವಲ್ಪ ಉದ್ದ ಆಗ್ತೈತಿ, ಗ್ರೂಪಿನಾಗ ಉಳಿದೋರು ಬ್ಯಾಸರ ಮಾಡ್ಕೋಬ್ಯಾಡ್ರಿ.

ನೀ ಕೇಳಿದ್ದು ಇಷ್ಟು: ಕುಷ್ಟಗಿ ಕಡೆ ಮೂರು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲದಾಗ ಅಂಜನ್ ಹುಲ್ಲು ಹಾಕೀನಿ, ನಾಲ್ಕು ಆಕಳ ಅದಾವು, 24 ಎಚ್‌ಪಿ ಟ್ರ್ಯಾಕ್ಟರ್ ತಗೊಂಡಾತು, ಹುಲ್ಲು ಒಣಗಿಸಿ ಇಡಾಕ ಯಾವ ಮಿಷನ್ ತರ್ಲಿ ಅಂತ. ಅದಕ್ಕ ಸಿಂಧನೂರು ಮಾವಾರು 'ರೌಂಡ್ ಬೇಲರ್ (ಒಣಹುಲ್ಲು ಸುತ್ತಿ ರೋಲ್ ಕಟ್ಟೋ ಮಿಷನ್) ತಗೋ, ನಿನ್ನ ಕೆಲಸಾನೂ ಆಗ್ತೈತಿ, ಬಾಡಿಗಿನೂ ಬರ್ತೈತಿ' ಅಂದಾರ. ಮಾವಾರ, ಸಿಟ್ಟಾಗಬ್ಯಾಡ್ರಿ, ನಿಮ್ಮ ಊರಿಗೆ ಆ ಮಾತು ಖರೇನ ಐತಿ. ಅಲ್ಲಿ ತುಂಗಭದ್ರಾ ಕಾಲುವಿ ನೀರು, ಎಲ್ಲಿ ನೋಡಿದ್ರೂ ಭತ್ತ. ಭತ್ತ ಕೊಯ್ಯೋ ಮಿಷನ್ ಮುಂದ ಹೋದಂಗ ಹಿಂದ ಹುಲ್ಲು ಸಾಲಾಗಿ ತಾನ ಬೀಳ್ತೈತಿ, ನಾಕು ದಿನ ಬಿಸಲು ಬಿದ್ರ 45 ಎಚ್‌ಪಿ ಟ್ರ್ಯಾಕ್ಟರಿಗೆ ಬೇಲರ್ ಹಚ್ಚಿ ಎತ್ತಿಕೊಂಡು ಹೋಗೋದಷ್ಟ. ತಮ್ಮನ ಹೊಲದಾಗ ಹುಲ್ಲು ಇನ್ನೂ ನಿಂತೈತಿ. ಅದನ್ನ ಕೊಯ್ಯೋರು ಯಾರು, ಸಾಲು ಮಾಡೋರು ಯಾರು? ಬೇಲರ್ ಎರಡೂ ಮಾಡಂಗಿಲ್ಲ.

ಇನ್ನೊಂದು, ನಿನ್ನ ಟ್ರ್ಯಾಕ್ಟರಿನ 24 ಅನ್ನೋದು ಎಂಜಿನ್ ಲೆಕ್ಕ. ಹಿಂದಿನ ಪಿಟಿಓ ಶಾಫ್ಟಿಗೆ, ಅಂದ್ರ ಹಚ್ಚಿದ ಮಿಷನ್ ತಿರುಗಸೋ ಶಾಫ್ಟಿಗೆ, ಬರೋದು ಗಾಡಿ ನೋಡಿ 17ರಿಂದ 22 ಎಚ್‌ಪಿ. ಮಿಷನ್ ಮಾರೋರು ಎಂಜಿನ್ ಎಚ್‌ಪಿ ಕೇಳಿ 'ನಡೀತೈತ್ರಿ' ಅಂತಾರ, ನೀ ಪಿಟಿಓ ಎಚ್‌ಪಿ ಎಷ್ಟು ಬೇಕು ಅಂತ ಕೇಳು. ಸಣ್ಣ ರೌಂಡ್ ಬೇಲರ್ ಸೈತ ನಿನ್ನ ಹತ್ರ ಇರೋದಷ್ಟನ್ನೂ ಕೇಳ್ತೈತಿ, ದಪ್ಪ ಸಾಲು ಬಂದಾಗ ಎಂಜಿನ್ ತಿಣುಕಾಡಿ ನಿಲ್ತೈತಿ. ತೂಕಾನೂ ನೋಡ್ಬೇಕು. ಅರ್ಧ ಟನ್ನಿನ ಮಿಷನ್ ಹಿಂದ ಎತ್ತಿಕೊಂಡು ಒಡ್ಡು ಏರಿದ್ರ ಸಣ್ಣ ಗಾಡಿ ಮುಂಗಾಲಿ ನೆಲ ಬಿಡ್ತಾವು, ಸ್ಟೇರಿಂಗ್ ಹಿಡಿತಕ್ಕ ಸಿಗಂಗಿಲ್ಲ. ಏನ ತಗೊಂಡ್ರೂ ಗಾಡಿ ಮುಂದ ಹಾಕೋ ವೇಟೂ ಅದರ ಜೋಡಿ ತಗೋ. ಹಿಂದ ಮಿಷನ್ ಜೋಡಸೋ ಲಿಂಕಿನ ಪಿನ್ನೂ ಅಳದು ನೋಡು, ದೊಡ್ಡ ಗಾಡಿ ಮಿಷನ್ನಿನ ಪಿನ್ ದಪ್ಪ ಇರ್ತಾವು, ನಿನ್ನ ಗಾಡಿಗೆ ಕೂಡಂಗಿಲ್ಲ.

ಈಗ ಕೊಯ್ಯೋದಕ್ಕ ಬರ್ತೀನಿ, ರೊಕ್ಕ ಹಾಕೋದು ಇಲ್ಲೇ. ಅಗ್ಗ ಸಿಗ್ತೈತಿ ಅಂತ ಸ್ಲ್ಯಾಶರ್ ತರಬ್ಯಾಡ. ಅದು ಹುಲ್ಲನ್ನ ಚೂರುಚೂರು ಮಾಡಿ ಮಣ್ಣಾಗ ಕಲಸ್ತೈತಿ, ಕೂಡಿಸಾಕ ಹೋದ್ರ ಎಲಿ ಎಲ್ಲ ನೆಲದಾಗ ಉಳಿದು ಬರೇ ದಂಟು ಕೈಗೆ ಬರ್ತೈತಿ. ನಿನಗ ಇರೋದು ಎರಡು ದಾರಿ. ಒಂದು ಕತ್ತರಿ ಪಟ್ಟಿ ಮಿಷನ್, ಬಾರ್ ಮೂವರ್ ಅಂತಾರಲ್ಲ, ಅದು. ಉದ್ದನ ಪಟ್ಟಿಮ್ಯಾಲೆ ಮುಕ್ಕೋಣದ ಅಲಗು ಅತ್ಲಾಗ ಇತ್ಲಾಗ ಓಡಿ ಬುಡಕ್ಕ ಕತ್ತರಿಸಿ ಹುಲ್ಲು ಹಂಗ ಮಲಗಿಸ್ತಾವು. ಹಗರ ಇರ್ತೈತಿ, ಶಕ್ತಿ ಕಡಿಮಿ ಸಾಕು, ಡೀಸೆಲ್ಲೂ ಕಡಿಮಿ. ಇನ್ನೊಂದು ಡ್ರಮ್ ಮೂವರ್. ಎರಡು ಡ್ರಮ್ ಎದುರಾ ಬದುರಾ ತಿರಗ್ತಾವು, ಬುಡದಾಗ ಜೋತಾಡೋ ಬ್ಲೇಡು. ಬಿದ್ದ ಹುಲ್ಲಿನ್ಯಾಗ, ಗಂಟು ಹಾಕ್ಕೊಂಡ ಹುಲ್ಲಿನ್ಯಾಗ ಸಿಕ್ಕೊಳ್ಳಂಗಿಲ್ಲ, ಲಗೂನೂ ಕೊಯ್ತೈತಿ. ಆದ್ರ ಭಾರ ಬಾಳ, ಪಿಟಿಓ ಶಕ್ತೀನೂ ಜಾಸ್ತಿ ಕೇಳ್ತೈತಿ, ಬ್ಲೇಡು ಕಲ್ಲಿಗೆ ಬಡದ್ರ ಕಲ್ಲು ಬಂದೂಕಿನ ಗುಂಡಿನಂಗ ಸಿಡೀತೈತಿ.

ಕುಷ್ಟಗಿ ಮಸಾರಿ ಅಂದ್ರ ಕಲ್ಲು ಇದ್ದದ್ದ. ಬಾರ್ ಮೂವರಿಗೆ ಕಲ್ಲು ಹತ್ತಿದ್ರ ಒಂದೆರಡು ಅಲಗು ಮುರೀತಾವು, ರಿವೆಟ್ ಬಿಚ್ಚಿ ಮನ್ಯಾಗ ಹಾಕ್ಕೋಬೋದು. ಮೂರು ಎಕರೆಗೆ ನನ್ನ ಮಾತು ಅದ ಬಾರ್ ಮೂವರ್. ಬ್ಯಾಸಗಿಯೊಳಗ ಒಂದ್ಸಲ ಆಳು ಹಚ್ಚಿ ಕಲ್ಲು ಆರಿಸಿಬಿಡು, ಹುತ್ತ ಇದ್ರ ಸಮ ಮಾಡಿಸು. ನೆಲ ಹತ್ತಿ ಬೋಳು ಕೊಯ್ಬ್ಯಾಡ, ನಾಕು ಬೆರಳಿನಷ್ಟು ಬುಡ ಬಿಟ್ರ ಅಂಜನ್ ಮತ್ತ ಚಿಗೀತೈತಿ.

ಯಾವಾಗ ಕೊಯ್ಬೇಕು ಅನ್ನೋದು ಮಿಷನ್ನಿಗಿಂತ ದೊಡ್ಡದು. ತೆನಿ ಹೊರಗ ಬಂದು ಹೂವು ಕಾಣ್ಸಾಕ ಶುರು ಆದಾಗ ಕೊಯ್ದ್ರ ಹುಲ್ಲಿನ್ಯಾಗ ಸತ್ವ ಇರ್ತೈತಿ. ಬೀಜ ಉದುರೋತನಕ ಬಿಟ್ಟಿ ಅಂದ್ರ ಅದಕ್ಕೂ ಭತ್ತದ ಹುಲ್ಲಿಗೂ ಏನೂ ಫರಕಿಲ್ಲ, ಹೊಟ್ಟಿ ತುಂಬ್ತೈತಿ, ಹಾಲು ಬರಂಗಿಲ್ಲ. ಕೈಯಾಗ ಸ್ವಂತ ಕೊಯ್ಯೋ ಮಿಷನ್ ಇರ್ಲಿ ಅಂತ ನಾ ಹೇಳೋದು ಇದಕ್ಕ. ಆ ಹೊತ್ತು ಬರೋದು ನಮ್ಮ ಕಡೆ ಮಳಿ ಜಾಸ್ತಿ ಬೀಳೋ ಸೆಪ್ಟೆಂಬರದಾಗ. ಎರಡು ಮೂರು ದಿನ ಮೋಡ ತೆರವಾತು ಅಂದ್ರ ಅವತ್ತ ಮುಂಜಾನಿ ಮಂಜು ಆರಿದ ಮ್ಯಾಲೆ ಕೊಯ್ಬೇಕು. ಬಾಡಿಗಿ ಮಿಷನ್ನಿನೋರು ನಿನ್ನ ಮೋಡ ನೋಡಿ ಬರಂಗಿಲ್ಲ.

ಕೂಡಿಸಾಕ ಚಕ್ರದ ರೇಕ್ ಸಾಕು. ಬೆರಳು ಬೆರಳು ಇರೋ ಚಕ್ರ ನೆಲಕ್ಕ ತಾಗಿ ತಾವ ತಿರಗ್ತಾವು, ಪಿಟಿಓ ಬೇಕಿಲ್ಲ, ಕೆಡಾಕ ಅದರಾಗ ಏನೂ ಇಲ್ಲ. ಹುಲ್ಲು ಹೊರಳಿಸಾಕ ಟೆಡ್ಡರ್ ಅಂತ ಬ್ಯಾರೆ ಮಿಷನ್ ತೋರಸ್ತಾರ, ನಮ್ಮ ಬಿಸಲಿಗೆ ಅದರ ಗರಜಿಲ್ಲ. ಮ್ಯಾಲಿನದು ಒಣಗಿದ ಮ್ಯಾಲೆ ಮರುದಿನ ಮುಂಜಾನಿ, ಇನ್ನೂ ಸ್ವಲ್ಪ ತಂಪು ಇದ್ದಾಗ, ರೇಕ್ ಹೊಡದು ಸಾಲು ಮಗುಚಿ ಹಾಕು. ನಡುಮಧ್ಯಾಹ್ನ ಹೊಡದ್ರ ಎಲಿ ಪುಡಿಯಾಗಿ ಉದರ್ತೈತಿ.

ಒಣಗೇತೋ ಇಲ್ಲೋ ಕೈಯಿಂದ ನೋಡು. ಒಂದು ಹಿಡಿ ತಗೊಂಡು ಹಗ್ಗ ಹೊಸದಂಗ ತಿರುವು, ದಂಟು ಪಟಪಟ ಮುರೀಬೇಕು. ಆಮ್ಯಾಲೆ ದಪ್ಪ ದಂಟಿನ ಗೆಣ್ಣು ಉಗುರಿಲೆ ಕೆರದು ನೋಡು. ಉಗುರಿಗೆ ಹಸಿ ಹತ್ತಿದ್ರ ಇನ್ನೊಂದು ದಿನ ಬಿಡು. ತೇವ 15ರಿಂದ 18 ಪರ್ಸೆಂಟ್ ಒಳಗ ಇರ್ಬೇಕು. 20 ದಾಟಿದ್ದು ಕಟ್ಟಿಟ್ರ ಬೂಸ್ಟು ಹಿಡೀತೈತಿ, ಒಳಗ ಕಾವು ಎದ್ದು ತಾನ ಬೆಂಕಿ ಹತ್ತೋದೂ ಐತಿ. ಬಣವಿ ಹಾಕಿದ ಮ್ಯಾಲೆ ಎರಡು ಮೂರು ವಾರ ಆಗಾಗ ಕಬ್ಬಿಣದ ಸಳಿ ಚುಚ್ಚಿ, ಹೊತ್ತು ಬಿಟ್ಟು ತಗದು ಮುಟ್ಟಿ ನೋಡು. ಕೈ ಇಡಾಕ ಆಗದಷ್ಟು ಸುಟ್ರ ಬಣವಿ ಬಿಚ್ಚಬೇಕು.

ಇನ್ನ ಕಟ್ಟೋದು. ಒಂದು ಆಕಳಿಗೆ ದಿನಕ್ಕ 6 ಕೆಜಿ ಒಣಮೇವು ಅಂದ್ರ ನಾಲ್ಕಕ್ಕ ವರ್ಷಕ್ಕ ಒಂಬತ್ತು ಟನ್ನಿನ ಹತ್ರ. 20 ಕೆಜಿ ರೋಲ್ ಮಾಡಿದ್ರ ನಾನೂರು ಚಿಲ್ಲರೆ. ಅದರಾಗೂ ಜೋಳದ ಕಣಕಿ, ಶೇಂಗಾ ಹೊಟ್ಟು ಕಳದ್ರ ನೀ ಕಟ್ಟಬೇಕಾದ್ದು ಇನ್ನೂ ಕಡಿಮಿ. ಅಷ್ಟಕ್ಕ ಲಕ್ಷಗಟ್ಟಲೆ ಹಾಕಿ ಬೇಲರ್ ತಂದು ವರ್ಷೆಲ್ಲಾ ಶೆಡ್ಡಿನ್ಯಾಗ ನಿಲ್ಲಸ್ತಿಯೇನು? ನಮ್ಮ ಕಾರಟಗಿ ಸಿಂಧನೂರು ಕಡೆ ಬೇಲರ್ ಬಿಡುವಿಲ್ಲದಂಗ ತಿರಗೋದು ಭತ್ತ ಕೊಯ್ಯೋ ನವೆಂಬರ್ ಡಿಸೆಂಬರದಾಗ. ನಿನ್ನ ಹುಲ್ಲು ಬರೋದು ಅದಕ್ಕೂ ಮೊದಲು, ಆಗ ಅವು ಖಾಲಿ ನಿಂತಿರ್ತಾವು. ಆದ್ರ ಮೂರು ಎಕರೆಗೆ ಅಷ್ಟು ದೂರ ಯಾರೂ ಬರಂಗಿಲ್ಲ. ಬಾಜೂ ಹೊಲದೋರನ್ನೂ ಕೂಡಿಸಿ ಒಂದು ದಿನದ ಕೆಲಸ ಮಾಡು. ಸಿಗಲಿಲ್ಲಂದ್ರೂ ಚಿಂತಿಲ್ಲ, ಅಜ್ಜ ಹಾಕ್ತಿದ್ದಂಗ ಬಣವಿ ಹಾಕು, ತಳಕ್ಕ ಕಲ್ಲು ಕಟಿಗಿ ಕೊಟ್ಟು. ಉಳಿದ ರೊಕ್ಕದಾಗ 2 ಎಚ್‌ಪಿ ಮೋಟಾರಿನ ಮೇವು ಕತ್ತರಿಸೋ ಮಿಷನ್ ತಗೋ. ಇಡೀ ಕಣಕಿ ಹಾಕಿದ್ರ ದನ ಮ್ಯಾಲಿಂದು ತಿಂದು ದಂಟು ತುಳೀತಾವು.

ಒಂದು ಮಾತು ಮಾತ್ರ ಕೈ ಮುಗದು ಹೇಳ್ತೀನಿ. ಪಿಟಿಓ ಶಾಫ್ಟಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಓಡಸಬ್ಯಾಡ. ಲುಂಗಿ, ಟವಲ್, ಸೆರಗು ಅದರ ಹತ್ರ ಹೋಗಬಾರದು, ನಿಮಿಷಕ್ಕ 540 ಸುತ್ತು ಅದು. ಹುಲ್ಲು ಸಿಕ್ಕೊಂಡ್ರ ಎಂಜಿನ್ ಬಂದ್ ಮಾಡಿ, ಚಾವಿ ಕಿಸೇದಾಗ ಹಾಕ್ಕೊಂಡ ಮ್ಯಾಲೇನ ಕೈ ಹಾಕು. ಕೊಯ್ಯುವಾಗ ಹುಡುಗ್ರನ್ನ ಹೊಲದಾಗ ಬಿಡಬ್ಯಾಡ.

ಸಬ್ಸಿಡಿ ಬಗ್ಗೆ ಕುಷ್ಟಗಿ ರೈತ ಸಂಪರ್ಕ ಕೇಂದ್ರದಾಗ ಕೇಳು, ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಬೇಕಾಗ್ತೈತಿ. ಕೃಷಿ ಯಂತ್ರಧಾರೆಯೋರ ಹತ್ರ ರೇಕ್ ಇದ್ರ ಮೊದಲ ವರ್ಷ ಬಾಡಿಗಿಗೇನ ತಂದು ನೋಡು. ಮಾವಾರ, ನಿಮ್ಮ ಬಾಜೂಮನಿ ಬೇಲರಿನೋರು ದಸರಾದ ಹಿಂದ ಮುಂದ ಬರ್ತಾರೇನು, ರೋಲಿಗೆ ಎಷ್ಟು ತಗೋತಾರ, ಒಂದು ಮಾತು ಕೇಳಿ ಗ್ರೂಪಿಗೆ ಹಾಕ್ರಿ. ತಮ್ಮಾ, ನೀ ಗಾಡಿ ಬುಕ್ಕಿನ್ಯಾಗ ಪಿಟಿಓ ಎಚ್‌ಪಿ, ಎತ್ತೋ ತೂಕ ಬರದಿರೋ ಪುಟದ ಫೋಟೋ ಕಳಿಸು.