ಪಾರ್ಕಿನ ಇಳಿಜಾರು ದಾರಿಗೆ ಕೆಂಪುಕಲ್ಲೋ, ಕರಿಕಲ್ಲೋ?

ಪರ್ಕಳದವ:
ಎಲ್ಲರಿಗೂ ನಮಸ್ಕಾರ. ಮಣಿಪಾಲದ ಹತ್ತಿರ ಪರ್ಕಳದಲ್ಲಿ ನಮ್ಮ ಬಡಾವಣೆಗೆ ಒಂದು ಸಣ್ಣ ಪಾರ್ಕ್ ಉಂಟು. ಗುಡ್ಡೆಯ ಇಳಿಜಾರಲ್ಲಿ. ಮೇಲಿನ ಗೇಟಿನಿಂದ ಕೆಳಗಿನ ಬಾವಿಯವರೆಗೆ ನೇರ ಕಾಲುದಾರಿ. ಸುತ್ತ ಅಕೇಶಿಯಾ, ನಡುವೆ ಎರಡು ದೊಡ್ಡ ಹಲಸಿನ ಮರ. ಹಿಂದೆ ಯಾರೋ ಕಾಂಕ್ರೀಟ್ ಹಾಕಿಸಿದ್ದರು. ಅಡಿಯ ಮಣ್ಣು ತೊಳೆದುಹೋಗಿ ಈಗ ಅದು ತುಂಡು ತುಂಡಾಗಿದೆ.

ಈ ಸಲ ಕಲ್ಲೇ ಹಾಕುವ ಅಂತ ಎಲ್ಲರ ಅಭಿಪ್ರಾಯ. ಕೆಂಪುಕಲ್ಲು ಕಡಿಮೆಗೆ ಸಿಗುತ್ತದೆ. ಕೆಲವರು ಕಾರ್ಕಳ ಕಡೆಯ ಕರಿಕಲ್ಲೇ ಬೇಕು ಅನ್ನುತ್ತಾರೆ. ಬೆಳಿಗ್ಗೆ ವಾಕಿಂಗಿಗೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಯಾವುದು ಒಳ್ಳೆಯದು? ಸಿಮೆಂಟ್ ಹಾಕಿ ಕೂರಿಸಬೇಕಾ?

ಕದ್ರಿ ವಾಕರ್:
ಕೆಂಪುಕಲ್ಲೇ ಹಾಕಿ. ನಮ್ಮ ನೆಲದ ಕಲ್ಲು, ನೋಡಲಿಕ್ಕೂ ಚಂದ. ಮನೆ, ಪಾಗಾರ, ಬಾವಿಕಟ್ಟೆ ಎಲ್ಲ ಅದರಲ್ಲೇ ಕಟ್ಟಿದ್ದಲ್ವಾ? ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು ಅದು.

ಗುಡ್ಡೆದಾರಿ:
ಮಾರಾಯ್ರೆ, ಯಾವ ಕಲ್ಲು ಅನ್ನುವುದು ಆಮೇಲೆ. ಮೊದಲು ನೀರು ನೋಡಿ.

ಪಾರ್ಕು, ತೋಟಗಳಲ್ಲಿ ಕಲ್ಲಿನ ದಾರಿ ಮಾಡಿಸುವುದು ನನಗೆ ತುಂಬ ಇಷ್ಟದ ಕೆಲಸ. ದಾರಿ ಹಾಳಾಗುವುದು ಜನ ನಡೆದು ಅಲ್ಲ, ನೀರು ನಡೆದು. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗುಡ್ಡೆಯಲ್ಲಿ ನೇರ ಕೆಳಕ್ಕೆ ಇಳಿಯುವ ದಾರಿ ಆ ನಾಲ್ಕು ತಿಂಗಳು ನೀರು ಹರಿಯುವ ತೋಡೇ ಆಗಿರುತ್ತದೆ. ನಿಮ್ಮ ಕಾಂಕ್ರೀಟ್ ಹೋದದ್ದೂ ಹಾಗೆ. ನುಣ್ಣಗಿನ ಮೈ ಮೇಲೆ ನೀರು ಜೋರಾಗಿ ಓಡಿ, ಅಂಚಿನಿಂದ ಅಡಿಗೆ ನುಗ್ಗಿ, ಮಣ್ಣು ಎಳೆದುಕೊಂಡು ಹೋಗಿದೆ.

ಈಗ ಮಳೆ ಇಲ್ಲದಿದ್ದರೂ ಗುರುತು ಸಿಗುತ್ತದೆ. ಮಣ್ಣು ಕೊರೆದ ಗೀರು, ಒಂದೇ ಕಡೆ ರಾಶಿ ಬಿದ್ದ ಜಲ್ಲಿ, ಬಯಲಾದ ಬೇರು, ಇದೆಲ್ಲ ನೋಡಿ ನೀರು ಎಲ್ಲಿ ದಾರಿಗೆ ಹತ್ತುತ್ತದೆ ಅಂತ ಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ದಾರಿಯನ್ನು ಗುಡ್ಡೆಗೆ ಓರೆಯಾಗಿ ತಿರುಗಿಸಿ. ಗುಡ್ಡೆಯ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇಳಿಜಾರು ದಾರಿಗೆ ಬೇಡ. 10 ಅಡಿ ನಡೆದಾಗ 1 ಅಡಿ ಇಳಿಯುವ ಹಾಗಿದ್ದರೆ ಹಿರಿಯರಿಗೂ ಕಷ್ಟವಿಲ್ಲ. ದಾರಿಯ ಮೈ ಕೆಳಬದಿಗೆ ಸ್ವಲ್ಪ ವಾಲಿರಲಿ. ಒಂದು ಮೀಟರ್ ಅಗಲಕ್ಕೆ 3ರಿಂದ 5 ಸೆಂ.ಮೀ. ಸಾಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ದಾಟಿ ಹೋಗುತ್ತದೆ.

ಎಷ್ಟು ತಿರುಗಿಸಿದರೂ ಕಡಿದಾಗಿಯೇ ಉಳಿಯುವ ಜಾಗದಲ್ಲಿ ಮಾತ್ರ ಮೆಟ್ಟಿಲು. ಅಲ್ಲಿ ಕರಿಕಲ್ಲೇ ಬೇಕು. ಕದ್ರಿಯವರು ಹೇಳಿದ್ದು ಸರಿ, ಕೆಂಪುಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ಗೋಡೆಗೆ ಅದಕ್ಕಿಂತ ಒಳ್ಳೆಯ ಕಲ್ಲು ನಮ್ಮಲ್ಲಿ ಇಲ್ಲ. ಆದರೆ ದಿನಾ ಕಾಲು ಬೀಳುವ ಕಡೆ ಅದರ ಅಂಚು ಸವೆದು ಉರುಟಾಗುತ್ತದೆ. ತೂತು ತೂತಿನ ಕಲ್ಲು, ಮಳೆಗಾಲವಿಡೀ ನೀರು ಹಿಡಿದು ಪಾಚಿ ಕಟ್ಟುತ್ತದೆ. ಅದನ್ನು ದಾರಿಯ ಅಂಚಿಗೆ, ಮಣ್ಣು ತಡೆಯುವ ಗೋಡೆಗೆ ಬಳಸಿ. ಕರಿಕಲ್ಲಿಗೆ ಪಾಲಿಶ್ ಬೇಡವೇ ಬೇಡ. ಮೇಲ್ಮೈ ಉಳಿ ಹೊಡೆದು ಒರಟಾಗಿಯೇ ಇರಲಿ.

ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ. ಮಂಗಳೂರು ಹಂಚು ಹೊದೆಸಿದ ಹಾಗೆ, ಮೇಲಿನ ಕಲ್ಲಿನ ಮುಂದಂಚು ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಕೂರಬೇಕು. ಹಾಗೆ ಕೂತರೆ ಒಂದರ ಭಾರ ಇನ್ನೊಂದನ್ನು ಒತ್ತಿ ಹಿಡಿಯುತ್ತದೆ. ಹುಡಿಮಣ್ಣಿನ ಮೇಲೆ ಕಲ್ಲು ಇಡಬೇಡಿ. ಗಟ್ಟಿ ನೆಲ ಸಿಗುವವರೆಗೆ ಅಗೆದು, ಕುಟ್ಟಿ, ಜಲ್ಲಿ ಹಾಕಿ. ಕಲ್ಲು ಇಟ್ಟ ಮೇಲೆ ನಾಲ್ಕೂ ಮೂಲೆಗೆ ಒಂದೊಂದಾಗಿ ಕಾಲಿಟ್ಟು ಭಾರ ಹಾಕಿ. ಚೂರು ಅಲುಗಿದರೂ ಹಾರೆಯಲ್ಲಿ ಎತ್ತಿ, ಹಿಂದಿನಿಂದ ಸಣ್ಣ ಕಲ್ಲು ಬಿಗಿದು ಮತ್ತೆ ಕೂರಿಸಿ. ಮುಂದಿನಿಂದ ತುರುಕಿದ ಚೂರು ಮಳೆಗೆ ಜಾರಿ ಬೀಳುತ್ತದೆ. ಮೇಸ್ತ್ರಿಗಳು ಇದಕ್ಕೆ ಅವಸರ ಮಾಡುತ್ತಾರೆ, ಒಪ್ಪಬೇಡಿ. ಮೆಟ್ಟಿಲಿನ ಎತ್ತರ 6 ಇಂಚು ದಾಟದಿರಲಿ. ಜಾಸ್ತಿಯಾದರೆ ಜನ ಮೆಟ್ಟಿಲು ಬಿಟ್ಟು ಪಕ್ಕದ ಮಣ್ಣಲ್ಲಿ ನಡೆಯುತ್ತಾರೆ, ಅಲ್ಲೇ ಹೊಸ ತೋಡು ಹುಟ್ಟುತ್ತದೆ. ಮೆಟ್ಟಿಲಿನ ಎರಡೂ ಬದಿ ನಡೆಯಲಾಗದಂಥ ದಪ್ಪ ಕಲ್ಲು ಹೂತುಬಿಡಿ.

ಸಿಮೆಂಟ್ ಬೇಡ. ಸಂದಿಯಲ್ಲಿ ನೀರು ಇಳಿದುಹೋಗಲಿ. ಒಂದು ಕಲ್ಲು ಕುಸಿದರೆ ಅದೊಂದನ್ನೇ ಎತ್ತಿ ಕೂರಿಸಬಹುದು. ಸಿಮೆಂಟ್ ಹಾಕಿದರೆ ಪೂರ್ತಿ ಒಡೆಯಬೇಕು.

ಕಾರ್ಕಳ ಓದುಗ:
ಒಳ್ಳೆಯ ಮಾತು. ಆದರೆ ನಮ್ಮ ಗೊಮ್ಮಟ ಬೆಟ್ಟದ ಮೆಟ್ಟಿಲಿಗೆ ಇಷ್ಟೆಲ್ಲ ಇಲ್ಲವಲ್ಲ? 1432ರಲ್ಲಿ ನಿಲ್ಲಿಸಿದ ಮೂರ್ತಿ. ಇವತ್ತಿಗೂ ಮೆಟ್ಟಿಲು ಹತ್ತಿಯೇ ಹೋಗುತ್ತೇವೆ. ಇನ್ನು ಗಾಲಿಕುರ್ಚಿಯವರಿಗೆ ಮೆಟ್ಟಿಲು ಆಗುವುದಿಲ್ಲ. ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಹಾಕಬಾರದಾ?

ಗುಡ್ಡೆದಾರಿ:
ಅಲ್ಲಿ ಬಂಡೆಯಲ್ಲೇ ಮೆಟ್ಟಿಲು ಕಡೆದದ್ದು ಸರ್. ಕೊಚ್ಚಿಹೋಗಲಿಕ್ಕೆ ಅಡಿಯಲ್ಲಿ ಮಣ್ಣೇ ಇಲ್ಲ. ನಮ್ಮ ಕಲ್ಲು ಕೂರುವುದು ಮಣ್ಣಿನ ಮೇಲೆ.

ಗಾಲಿಕುರ್ಚಿಯ ಮಾತು ತುಂಬ ಮುಖ್ಯ. ಮೇಲಿನ ಗೇಟಿನ ಹತ್ತಿರ ಸಮತಟ್ಟು ಜಾಗ ಇದ್ದರೆ ಅಲ್ಲಿ ಇಂಟರ್‌ಲಾಕ್ ಹಾಕಿ, ಬೆಂಚು ಇಡಿ. ಇಳಿಜಾರಲ್ಲಿ ಮಾತ್ರ ಬೇಡ. ಅಡಿಯ ಮರಳು ಜಾರಿದರೆ ಇಂಟರ್‌ಲಾಕ್ ಸಾಲಾಗಿ ಕುಸಿಯುತ್ತದೆ.

ಪರ್ಕಳದವ:
ತುಂಬ ಉಪಕಾರ. ಎರಡೇ ಪ್ರಶ್ನೆ. ಹಲಸಿನ ಬೇರು ದಾರಿಗೇ ಬಂದಿದೆ, ಕಡಿಯಬಹುದಾ? ಮತ್ತೆ, ವರ್ಷ ವರ್ಷ ಏನೆಲ್ಲ ಮಾಡಬೇಕಾಗುತ್ತದೆ?

ಗುಡ್ಡೆದಾರಿ:
ದಯವಿಟ್ಟು ಬೇರು ಕಡಿಯಬೇಡಿ. ದಪ್ಪ ಬೇರು ಹೋದರೆ ಮರದ ಹಿಡಿತವೇ ಹೋಗುತ್ತದೆ, ಜೂನ್ ಗಾಳಿಗೆ ಉರುಳಬಹುದು. ದಾರಿಯನ್ನೇ ಸ್ವಲ್ಪ ಬಳಸಿ ಒಯ್ಯಿರಿ. ಜಾಗ ಇಲ್ಲದಿದ್ದರೆ ಬೇರಿನ ಎರಡೂ ಕಡೆ ಕಲ್ಲು ಕೂರಿಸಿ, ನಡುವೆ ಜಲ್ಲಿ ತುಂಬಿ.

ಕೆಲಸ ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಯಲಿ. ಮಳೆ ಬಿದ್ದ ಮೇಲೆ ಅಗೆದ ಮಣ್ಣು ನಿಲ್ಲುವುದಿಲ್ಲ. ದಾರಿಗೆ ಓರೆಯಾಗಿ, ನೀರು ಹೊರಗೆ ತಿರುಗಿಸುವ ಅಡ್ಡಕಲ್ಲುಗಳನ್ನೂ ಈಗಲೇ ಹಾಕಿಸಿ. ಆ ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಇರಬೇಕು.

ನಿಮ್ಮಲ್ಲಿ ದೊಡ್ಡ ತೊಂದರೆ ಅಕೇಶಿಯಾ ಎಲೆ. ಅಡ್ಡಕಲ್ಲಿನ ಬಾಯಿಗೆ ದಪ್ಪಗೆ ಕೂತು ನೀರು ಕಟ್ಟುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಅದನ್ನು ಬಿಡಿಸಲೇಬೇಕು. ಇದೊಂದು ಮಾಡಿದರೆ ಉಳಿದದ್ದೆಲ್ಲ ಸಣ್ಣ ಕೆಲಸ. ಪಾಚಿಗೆ ತಂತಿ ಬ್ರಶ್ ಹಾಕಿ ಉಜ್ಜಿ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ತೊಳೆದ ನೀರು ಕೆಳಗಿನ ಬಾವಿಗೇ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಒಮ್ಮೆ ಎಲ್ಲ ಮೆಟ್ಟಿಲ ಮೇಲೂ ನಿಂತು ನೋಡಿ, ಅಲುಗುವುದನ್ನು ಮತ್ತೆ ಬಿಗಿ ಮಾಡಿ.

ಸುಣ್ಣದ ಗುರುತು ಹಾಕಿದ ಮೇಲೆ ಫೋಟೊ ಇಲ್ಲಿ ಹಾಕಿ. ಅಡ್ಡಕಲ್ಲು ಎಲ್ಲೆಲ್ಲಿ ಬೇಕು ಅಂತ ಹೇಳುತ್ತೇನೆ.