ಹುಳದ ಮೈಮ್ಯಾಲಿನ ಚಪ್ಪಟೆ ಹುಳ: ಒಳಗಿನ ಅಂಗ ಗುರುತಿಸೂದು ಹೆಂಗ?

ಪ್ರಶ್ನೆ (ಧಾರವಾಡ, ಎಂಎಸ್ಸಿ ಪ್ರಾಣಿಶಾಸ್ತ್ರ)
ಕಾರವಾರದ ದಂಡ್ಯಾಗ ಸಿಕ್ಕ ಪಾಲಿಕೀಟ್ (ಮೈತುಂಬ ಬಿರುಗೂದಲಿರೋ ಸಮುದ್ರದ ಹುಳ) ಹುಳದ ಕಾಲ್ಗಳ ಸಂದ್ಯಾಗ ಸುಮಾರು 1 ಮಿ.ಮೀ. ಉದ್ದದ ಬಿಳೇ ಚಪ್ಪಟೆ ಹುಳ ಅದಾವ. ನೇರ 70% ಆಲ್ಕೋಹಾಲ್‌ನಾಗ ಹಾಕಿ, ಬೋರಾಕ್ಸ್ ಕಾರ್ಮೈನ್ ಅನ್ನೋ ಕೆಂಪು ಬಣ್ಣ ಕೊಟ್ರ ಇಡೀ ಮೈ ಕೆಂಪಾತು. ನಡುವಿನ ದುಂಡನೆ ಗಡ್ಡಿ ಗಂಟಲೋ, ವೃಷಣವೋ? ಗುದದ್ವಾರ ಎಲ್ಲೈತಿ?

ಉತ್ತರ 1 (ಹುಬ್ಬಳ್ಳಿ)
ಗುದದ್ವಾರ ಹುಡುಕಬ್ಯಾಡ್ರಿ. ಇವುಗಳ ಕರುಳು ಸಾಮಾನ್ಯವಾಗಿ ಒಂದು ಕಡೆ ಮುಚ್ಚಿದ ಚೀಲ. ತಿಂದದ್ದೂ ಉಳಿದದ್ದೂ ಬಾಯಿಂದನ. ಗಡ್ಡಿ ಏನಂತ ತಿಳೀಬೇಕಂದ್ರ ಜೀವಂತ ಹುಳಾನ ನೋಡ್ರಿ, ಬಣ್ಣ ಆಮ್ಯಾಲ. 100 ಮಿ.ಲೀ. ಭಟ್ಟಿ ನೀರಿಗೆ 7.5 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಹಾಕಿ, ಅಷ್ಟೇ ಸಮುದ್ರದ ನೀರು ಕೂಡಿಸಿ, ಅದರಾಗ ಹುಳ ಬಿಡ್ರಿ. ಹುಳ ಸಡಿಲಾದ ಮ್ಯಾಲ ಸ್ಲೈಡ್ ಮ್ಯಾಲಿಟ್ಟು, ಕವರ್‌ಸ್ಲಿಪ್‌ನ ನಾಲ್ಕೂ ಮೂಲಿಗೆ ಒಂದೊಂದು ಚುಕ್ಕಿ ವ್ಯಾಸಲೀನ್ ಹಚ್ಚಿ ಮುಚ್ರಿ. ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ ನೀರು ಸ್ವಲ್ಪ ಸ್ವಲ್ಪ ಎಳೀರಿ. ಅವಸರ ಮಾಡಿದ್ರ ಹುಳ ಒಡೀತದ. ಸಿಹಿ ನೀರು ತಾಗಿದ್ರೂ ಹಂಗ.

ಗಂಟಲು ಇದ್ರ ಸ್ನಾಯುಗಳ ಗೆರಿ ಕಾಣ್ತಾವ, ಹಿಗ್ಗಿ ಕುಗ್ಗತದ. ವೃಷಣದಾಗ ಸಣ್ಣ ದುಂಡು ಕೋಶಗಳ ಗುಂಪು, ನಡುವ ನೂಲಿನಂಥ ವೀರ್ಯಾಣು. ಅಂಡಾಶಯದ ಕೋಶ ದೊಡ್ಡವು, ಬೀಜಕೇಂದ್ರನೂ ದೊಡ್ಡದು. ಎರಡೂ ಬದಿಗೆ ಕಪ್ಪು ಹರಳಿನಂಗ ಹಬ್ಬಿದ್ದು ಹಳದಿ ಗ್ರಂಥಿ (ತತ್ತಿಗೆ ಬೇಕಾದ ಆಹಾರ ತಯಾರಿಸೋ ಯೋಕ್ ಗ್ರಂಥಿ). ಒಂದೇ ಹುಳದಾಗ ಗಂಡೂ ಹೆಣ್ಣೂ ಇರ್ತಾವಂತ ಮರೀಬ್ಯಾಡ್ರಿ.

ಉತ್ತರ 2
ಮೊದಲು ಇದು ಚಪ್ಪಟೆ ಹುಳವೇ ಎಂದು ಖಚಿತಪಡಿಸಿಕೊಳ್ಳಿ. ಏಸೀಲ್ ಎಂಬ ಸಣ್ಣ ಸಮುದ್ರ ಹುಳಗಳೂ ನೋಡಲು ಹೀಗೇ ಇರುತ್ತವೆ; ಅವನ್ನು ಈಗ ಬೇರೆ ಗುಂಪಿಗೆ ಸೇರಿಸುತ್ತಾರೆ. ಮುಂಭಾಗದಲ್ಲಿ ಒಂದೇ ಹರಳಿರುವ ಸಮತೋಲನ ಚೀಲವಿದ್ದು, ಕರುಳಿನೊಳಗೆ ಪೊಳ್ಳು ಇಲ್ಲದಿದ್ದರೆ ಏಸೀಲ್ ಎಂಬ ಅನುಮಾನ ಬರಬೇಕು. ಜ್ವಾಲಾಕೋಶಗಳು (ದೇಹದ ದ್ರವವನ್ನು ಸೋಸುವ ಕೋಶಗಳು) ಮಿಡಿಯುವುದು ಕಂಡರೆ ಏಸೀಲ್ ಅಲ್ಲ. ಅವು ಜೀವಂತ ಹುಳದಲ್ಲಿ, ಹೆಚ್ಚು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತವೆ.

ಕರುಳಿನಲ್ಲೇನಿದೆ ಎಂದೂ ಬರೆದಿಡಿ. ಡಯಾಟಮ್ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ) ಇದ್ದರೆ ಅದು ಆಹಾರವನ್ನು ತಾನೇ ಹುಡುಕಿಕೊಳ್ಳುವ ಹುಳ. ಆತಿಥೇಯದ, ಅಂದರೆ ಪಾಲಿಕೀಟ್ ಹುಳದ, ಅಂಗಾಂಶ ಇದ್ದರೆ ಸಂಬಂಧ ಬೇರೆ. ನನ್ನ ಮಟ್ಟಿಗೆ ಇದು ಬಣ್ಣದ ಸ್ಲೈಡಿಗಿಂತ ಬೆಲೆಯುಳ್ಳ ಮಾಹಿತಿ.

ಉತ್ತರ 3 (ಗದಗ)
ಬಣ್ಣ ಹಾಕಿದ ಹುಳ ಚೆಲ್ಲಬ್ಯಾಡ್ರಿ, ಇನ್ನೂ ಸ್ಲೈಡಿಗೆ ಕಾಯಂ ಆಗಿ ಅಂಟಿಸಿರದಿದ್ರ ಉಳಿಸಬಹುದು. 70% ಆಲ್ಕೋಹಾಲ್‌ಗೆ 1% ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಅಂಚು ತಿಳಿ ಗುಲಾಬಿ ಆಗೂತನಕ ಸೂಕ್ಷ್ಮದರ್ಶಕದ ಕೆಳಗ ನೋಡ್ಕೋತ ಬಣ್ಣ ತೆಗೀರಿ. ಆಮ್ಯಾಲ ಬರೀ 70% ಆಲ್ಕೋಹಾಲ್‌ನಾಗ ಚಲೋತ್ನಾಗಿ ತೊಳೀರಿ. ಆಮ್ಲ ಉಳದ್ರ ಸ್ಲೈಡಿನ ಬಣ್ಣ ಕ್ರಮೇಣ ಮಾಸತದ. ನೇರ ಆಲ್ಕೋಹಾಲ್‌ಗೆ ಹಾಕಿದ್ದಕ್ಕ ಮೈ ಮುದುರೇತಿ, ಅದು ತಿರುಗಿ ಸರಿಯಾಗೂದಿಲ್ಲ. ಮುಂದಿನ ಸಲ ಮೆಗ್ನೀಸಿಯಂ ಕ್ಲೋರೈಡ್‌ನಾಗ ಸಡಿಲ ಮಾಡಿ, ಆಮ್ಯಾಲ ಬುವಾನ್ ದ್ರಾವಣಕ್ಕ (ಅಂಗಾಂಶ ಕೆಡದಂಗ ಹಿಡಿದಿಡೋ ದ್ರಾವಣ) ಹಾಕ್ರಿ. ಗಂಟಲು, ವೃಷಣದ ಗೊಂದಲ ಉಳದ್ರ ಒಂದು ಹುಳಾನ ಮೇಣದಾಗ ಕೂಡಿಸಿ 5 ಮೈಕ್ರಾನ್ ದಪ್ಪದ ತೆಳು ಹೋಳು ತೆಗೀರಿ. ಧಾರವಾಡಕ್ಕ ಬರೂಮುಂದ ಕಾರವಾರದಿಂದ ಒಂದು ಕ್ಯಾನ್ ಸಮುದ್ರದ ನೀರು ತರ್ರಿ. ಅಡಿಗಿ ಉಪ್ಪು ಕಲಿಸಿದ ನೀರು ನಡ್ಯೂದಿಲ್ಲ.